ರಬ್ಬರ್ ಬುಷ್ ಸಾಕಾ, ಪಾಲಿಯುರೆಥೇನ್ ಬೇಕಾ?

ಎಂಬತ್ತು ತೊಂಬತ್ತು ಸಾವಿರ ಕಿಲೋಮೀಟರ್ ಓಡಿದ ಕಾರು ನಿಮ್ಮದಾಗಿದ್ದರೆ ಈ ಸದ್ದು ನಿಮಗೆ ಗೊತ್ತಿರಬಹುದು. ಎರಡನೇ ಗೇರಿನಲ್ಲಿ ಮೆಲ್ಲಗೆ ಹಂಪ್ ಹತ್ತಿಸಿ ಇಳಿಸುವಾಗ ಕಾಲಡಿಯಲ್ಲೆಲ್ಲೋ ‘ಟಕ್’. ಬ್ರೇಕ್ ಒತ್ತಿ ಬಿಟ್ಟಾಗ ಇನ್ನೊಂದು ‘ಟಕ್’. ಮೊದಮೊದಲು ಬಾಗಿಲಲ್ಲಿಟ್ಟ ನೀರಿನ ಬಾಟ್ಲಿ ಇರಬೇಕು ಅನ್ನಿಸುತ್ತದೆ. ಆಮೇಲೆ ಡಿಕ್ಕಿಯಲ್ಲಿರುವ ಸ್ಟೆಪ್ನಿ ಮೇಲೆ ಅನುಮಾನ. ಕೊನೆಗೆ ಹೆಚ್ಚಿನವರು ಮಾಡುವುದು ಒಂದೇ, ಹಾಡಿನ ವಾಲ್ಯೂಮ್ ಏರಿಸುವುದು.

ಬಹಳಷ್ಟು ಸಲ ಆ ಸದ್ದು ಬುಷ್‌ನದು. ಗ್ಯಾರೇಜಿನವರು ಆರ್ಮ್ ಬುಷ್, ಸೈಲೆಂಟ್ ಬ್ಲಾಕ್ ಅಂತೆಲ್ಲ ಕರೆಯುವ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಭಾಗ ಇದು. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ಎರಡರ ನಡುವೆ ಗಟ್ಟಿಯಾಗಿ ಅಂಟಿಕೊಂಡ ರಬ್ಬರ್. ಮುಂದಿನ ಚಕ್ರವನ್ನು ಹಿಡಿದಿರುವ ಲೋಯರ್ ಆರ್ಮ್ ಅನ್ನೋ ಕಬ್ಬಿಣದ ತೋಳು ಕಾರಿನ ಅಡಿಭಾಗಕ್ಕೆ ಸೇರುವ ಕಡೆ ಇಂಥವು ಎರಡೆರಡು ಇರುತ್ತವೆ. ಹಿಂದಿನ ಆಕ್ಸಲ್ ಬಾಡಿಗೆ ಸೇರುವ ಕಡೆ ಇನ್ನೊಂದು ಜೋಡಿ. ಕಾರು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್‌ಗೆ ಬೇರೆ ಜೋಡಿ. ಕಬ್ಬಿಣಕ್ಕೆ ಕಬ್ಬಿಣ ನೇರ ತಾಗಬಾರದು, ಆದರೆ ಚಕ್ರ ಮೇಲೆ ಕೆಳಗೆ ಆಡಬೇಕು. ಆ ಕೆಲಸಕ್ಕೆ ಇರುವುದು ಇದು.

ನಮ್ಮ ಕಾರಿಗೆ ಒಂಬತ್ತು ವರ್ಷ. ಅಪ್ಪ ನಿವೃತ್ತಿಯ ದುಡ್ಡಿನಲ್ಲಿ ತಗೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಈಗ ಬೆಂಗಳೂರಿನಲ್ಲಿ ನನ್ನ ಹತ್ತಿರ ಇದೆ. ಮೀಟರಿನಲ್ಲಿ 94 ಸಾವಿರ. ಅದನ್ನು ಮಾರಿ ಹೊಸದು ತಗೋ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ, ಇಎಂಐ ಕಟ್ಟೋದು ಅವರಲ್ಲವಲ್ಲ. ಕಳೆದ ವರ್ಷ ಅಮ್ಮನಿಗೆ ಸೊಂಟದ ಡಿಸ್ಕ್ ಆಪರೇಷನ್ ಆಯಿತು. ಎರಡು ತಿಂಗಳಿಗೊಮ್ಮೆ ಕೊಪ್ಪದಿಂದ ಬೆಂಗಳೂರಿಗೆ ಚೆಕಪ್‌ಗೆ ಕರೆತರಬೇಕು. ಬಸ್ಸು ಬೇಡ, ಕುಲುಕಾಟ ಆದಷ್ಟು ಕಮ್ಮಿ ಇರಲಿ ಅಂದಿದ್ದಾರೆ ಡಾಕ್ಟ್ರು. ಕೊಪ್ಪ, ಬಾಳೆಹೊನ್ನೂರು, ಆಲ್ದೂರು, ಚಿಕ್ಕಮಗಳೂರು, ಬೇಲೂರು, ಹಾಸನ. ಚಿಕ್ಕಮಗಳೂರಿನವರೆಗೆ ಕಾಫಿ ತೋಟಗಳ ನಡುವೆ ತಿರುವೋ ತಿರುವು. ಆ ತಿರುವುಗಳಲ್ಲಿ ಬ್ರೇಕ್ ಒತ್ತಿದಾಗ ಕಾರು ಒಂದು ಕ್ಷಣ ಎಡಕ್ಕೆ ಎಳೆದು ಆಮೇಲೆ ಸರಿಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಸೊಂಟಕ್ಕೆ ಬೆಲ್ಟು, ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತ ಅಮ್ಮ, “ಎಂತ ಸದ್ದು ಮಾರಾಯ್ತಿ ಅದು?” ಅಂತ ಪ್ರತಿ ಹಂಪಿಗೂ ಕೇಳುತ್ತಿದ್ದರು.

ಹಂಪ್ ಅಂದೆನಲ್ಲ, ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವ ಹಂಪ್ ಹೇಗಿರಬೇಕು ಅಂತ ಅಳತೆಯೇ ಇದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಅಂದರೆ ಹೆಚ್ಚುಕಮ್ಮಿ ಒಂದು ಸಣ್ಣ ಕಾರಿನ ಉದ್ದದಷ್ಟು ಅಗಲಕ್ಕೆ ನಿಧಾನವಾಗಿ ಏರಿ ಇಳಿಯುವ ದಿಬ್ಬ. ನಿಮ್ಮ ಬಡಾವಣೆಯ ಹಂಪ್‌ನ ಪಕ್ಕ ನಿಂತು ಒಮ್ಮೆ ಹೆಜ್ಜೆಯಲ್ಲಿ ಅಳೆದು ನೋಡಿ. ಒಂದೇ ಹೆಜ್ಜೆಗೆ ಮುಗಿದುಹೋದರೆ, ಬುಷ್ ಯಾಕೆ ಹರಿಯುತ್ತದೆ ಅಂತ ನಾನು ಬೇರೆ ಹೇಳಬೇಕಿಲ್ಲ. ಗುಂಡಿ, ಬಿಸಿಲು, ಎಂಜಿನ್‌ನಿಂದ ಸೋರುವ ಆಯಿಲ್, ವಯಸ್ಸು ಎಲ್ಲ ಸೇರಿ ರಬ್ಬರ್ ಮೊದಲು ಗಡುಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಒಳಗಿನ ಕೊಳವೆಯಿಂದ ಕಿತ್ತುಕೊಳ್ಳುತ್ತದೆ.

ಮೊಬೈಲ್ ಇದ್ದರೆ ಅರ್ಧ ಪರೀಕ್ಷೆ ಮುಗಿಯಿತು

ನಮ್ಮ ಕಾರಿಗೆ ಒಂದೇ ವರ್ಷದಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಆಗಿತ್ತು. ಮಾಡಿಸಿದ ಹದಿನೈದು ದಿನ ಸ್ಟೀರಿಂಗ್ ನೇರ, ಆಮೇಲೆ ಮತ್ತೆ ಅದೇ. ಮುಂದಿನ ಎರಡೂ ಟೈರುಗಳ ಒಳಮೈ ಮಾತ್ರ ಸವೆದಿತ್ತು, ಹೊರಗಿನಿಂದ ನೋಡಿದರೆ ಹೊಸತರ ಹಾಗೆ ಕಾಣುತ್ತಿತ್ತು. ಅಲೈನ್‌ಮೆಂಟ್ ಮಾಡುವಾಗ ಕಾರು ನಿಂತಿರುತ್ತದೆ, ಆಗ ಕೋನ ಸರಿಯಾಗಿಯೇ ಇರುತ್ತದೆ. ರಸ್ತೆಯಲ್ಲಿ ಬ್ರೇಕ್ ಬಿದ್ದ ಕೂಡಲೇ ಹರಿದ ಬುಷ್‌ನಲ್ಲಿ ಆರ್ಮ್ ಹಿಂದಕ್ಕೆ ಸರಿದು, ಚಕ್ರದ ಮುಖವೇ ಬದಲಾಗುತ್ತದೆ. ಎಡಬಲ ಎರಡೂ ಒಂದೇ ಸಮ ಹರಿದಿರುವುದು ಅಪರೂಪ. ಆದ್ದರಿಂದ ಕಾರು ಒಂದು ಕಡೆ ಎಳೆಯುತ್ತದೆ. ಅಲೈನ್‌ಮೆಂಟ್ ಮತ್ತೆ ಮತ್ತೆ ಹಾಳಾಗುತ್ತಿದ್ದರೆ ನಾಲ್ಕನೇ ಸಲ ದುಡ್ಡು ಕೊಡುವ ಮುಂಚೆ ಬುಷ್ ನೋಡಿಸಿ. ಅಲೈನ್‌ಮೆಂಟ್ ಅಂಗಡಿಯವರು ಇದನ್ನು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ನೋಡುವುದು ಹೇಗೆ? ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಚಕ್ರದ ಹಿಂದೆ ಮೊಬೈಲ್ ತೂರಿಸುವಷ್ಟು ಜಾಗ ಸಿಗುತ್ತದೆ. ಫ್ಲ್ಯಾಶ್ ಆನ್ ಮಾಡಿ ವಿಡಿಯೋ ತೆಗೆಯಿರಿ. ಆರ್ಮ್ ಬಾಡಿಗೆ ಸೇರುವಲ್ಲಿ ರಬ್ಬರಿನ ಅಂಚು ಒಡೆದಿದೆಯಾ, ನಡುವಿನ ಕೊಳವೆ ಒಂದು ಪಕ್ಕಕ್ಕೆ ಕುಸಿದಿದೆಯಾ ನೋಡಿ. ಕೆಲವು ಬುಷ್‌ಗಳಲ್ಲಿ ಅರ್ಧಚಂದ್ರದ ಆಕಾರದ ಖಾಲಿ ಜಾಗ ಇರುತ್ತದೆ. ಅದು ಹರಿದದ್ದಲ್ಲ, ಬೇಕೆಂದೇ ಬಿಟ್ಟದ್ದು. ಅದರ ಅಂಚು ನುಣ್ಣಗಿದ್ದರೆ ಚಿಂತೆಯಿಲ್ಲ, ಗರಗಸದ ಹಾಗೆ ಚಿಂದಿಯಾಗಿದ್ದರೆ ಆಯಸ್ಸು ಮುಗಿದಿದೆ ಅಂತ ಅರ್ಥ. ಈ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮೇಲೆಯೇ ಜಗಳ.

ಜಾಕ್ ಮೇಲೆ ಎತ್ತಿದ ಕಾರಿನ ಕೆಳಗೆ ತಲೆ ಹಾಕಬೇಡಿ. ಮುಂದಿನ ಪರೀಕ್ಷೆ ಗ್ಯಾರೇಜಿನದ್ದು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಮೇಸ್ತ್ರಿ ಒಂದು ಉದ್ದನೆಯ ಸಲಾಕೆಯನ್ನು ಆರ್ಮ್ ಮತ್ತು ಫ್ರೇಮಿನ ನಡುವೆ ಹಾಕಿ ಮೀಟುತ್ತಾರೆ. ಸ್ವಲ್ಪ ಆಡಿ ವಾಪಸ್ ಬಂದರೆ ರಬ್ಬರ್ ಜೀವಂತ ಇದೆ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದರೆ ಇಲ್ಲ. ಅದೇ ಹೊತ್ತಿಗೆ ಬಾಲ್ ಜಾಯಿಂಟ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಇವನ್ನೂ ನೋಡಿಸಬೇಕು. ಅವೂ ‘ಟಕ್’ ಅನ್ನುತ್ತವೆ. ಸದ್ದಿನಿಂದ ಮಾತ್ರ ತೀರ್ಮಾನಿಸಿ ಬುಷ್ ಬದಲಿಸಿ, ಆಮೇಲೆ ಲಿಂಕ್ ರಾಡ್‌ನದ್ದೇ ಸದ್ದು ಅಂತ ಗೊತ್ತಾದ ಗೆಳತಿಯೊಬ್ಬಳು ನನಗಿದ್ದಾಳೆ.

ನಮ್ಮ ಕಾರಿನ ಎಡಗಡೆ ಆರ್ಮ್‌ನ ಹಿಂದಿನ ಬುಷ್ ಪೂರ್ತಿ ಕಿತ್ತಿತ್ತು. ಬಲಗಡೆಯದು ಮುಕ್ಕಾಲು. ಮುಂದಿನ ಸಣ್ಣ ಬುಷ್‌ಗಳಲ್ಲಿ ಬಿರುಕು. ಹಿಂದಿನ ಆಕ್ಸಲ್‌ನವು ಪರವಾಗಿರಲಿಲ್ಲ. ಒಂದು ಸರ್ವಿಸ್ ಸೆಂಟರಿನಲ್ಲಿ ಎರಡೂ ಆರ್ಮ್, ಎರಡೂ ಶಾಕ್ ಅಬ್ಸಾರ್ಬರ್, ಮೌಂಟ್, ಲಿಂಕ್ ಎಲ್ಲ ಸೇರಿ 41 ಸಾವಿರದ ಎಸ್ಟಿಮೇಟ್ ಕೊಟ್ಟರು. ಬುಷ್ ಮಾತ್ರ ಬದಲಿಸಲು ಆಗಲ್ವಾ ಅಂದರೆ, “ನಮ್ಮಲ್ಲಿ ಬುಷ್ ಬೇರೆ ಬರಲ್ಲ ಮೇಡಂ, ಆರ್ಮ್ ಪೂರ್ತಿ ಬರೋದು” ಅಂದರು. ಇದು ಪೂರ್ತಿ ನೆಪವೇನಲ್ಲ. ಹಲವು ಕಾರುಗಳಲ್ಲಿ ಆರ್ಮ್, ಬುಷ್, ಬಾಲ್ ಜಾಯಿಂಟ್ ಒಂದೇ ಭಾಗವಾಗಿ ಬರುತ್ತವೆ. ಬಾಲ್ ಜಾಯಿಂಟೂ ಹೋಗಿದ್ದರೆ ಪೂರ್ತಿ ಆರ್ಮ್ ಹಾಕಿಸುವುದೇ ಲಾಭ, ಕೂಲಿಯೂ ಉಳಿಯುತ್ತದೆ. ನಮ್ಮದರಲ್ಲಿ ಬಾಲ್ ಜಾಯಿಂಟ್ ಗಟ್ಟಿಯಾಗಿತ್ತು, ಶಾಕ್ ಅಬ್ಸಾರ್ಬರುಗಳಲ್ಲಿ ಆಯಿಲ್ ಸೋರಿಕೆಯಿರಲಿಲ್ಲ.

ತಮ್ಮನ ನೇರಳೆ ಬಣ್ಣದ ಕನಸು

ನನ್ನ ತಮ್ಮ ಕಾರಿನ ಹುಚ್ಚಿನವನು. ಬುಷ್ ಹೋಗಿದೆ ಅಂತ ಮೆಸೇಜ್ ಹಾಕಿದ ಐದು ನಿಮಿಷದಲ್ಲಿ ನೇರಳೆ, ನೀಲಿ, ಕೆಂಪು ಬಣ್ಣದ ಬುಷ್‌ಗಳ ಫೋಟೋಗಳು ಬಂದವು. “ಅಕ್ಕಾ, ರಬ್ಬರ್ ಹಾಕ್ಬೇಡ. ಪಿಯು ಹಾಕ್ಸು. ಒಂದ್ಸಲ ಹಾಕಿದ್ರೆ ಕಾರು ಇರೋವರೆಗೂ ಇರುತ್ತೆ. ಸ್ಟೀರಿಂಗ್ ಹೇಗೆ ಟೈಟ್ ಆಗುತ್ತೆ ನೋಡು.”

ಪಿಯು ಅಂದರೆ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಆಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ವಸ್ತು. ನಿಮ್ಮ ಹಾಸಿಗೆಯ ಫೋಮ್, ಫ್ರಿಜ್ಜಿನ ಗೋಡೆಯೊಳಗಿನ ನೊರೆ, ಶೂವಿನ ಸೋಲ್, ಸ್ಕೇಟ್‌ಬೋರ್ಡಿನ ಚಕ್ರ ಇವೆಲ್ಲ ಅದೇ ಕುಟುಂಬ. ಬೇಕಾದಷ್ಟು ಮೆತ್ತಗೆ, ಬೇಕಾದಷ್ಟು ಗಟ್ಟಿ ಮಾಡಬಹುದು ಅನ್ನುವುದೇ ಅದರ ವಿಶೇಷ. ಬ್ರಿಟನ್ನಿನ ಪವರ್‌ಫ್ಲೆಕ್ಸ್, ಆಸ್ಟ್ರೇಲಿಯಾದ ಸೂಪರ್‌ಪ್ರೋ, ಅಮೆರಿಕದ ಎನರ್ಜಿ ಸಸ್ಪೆನ್ಷನ್ ಮುಂತಾದವರು ಇದರಲ್ಲಿ ಬುಷ್ ಮಾಡುತ್ತಾರೆ. ತಮ್ಮನ ನೇರಳೆ ಫೋಟೋಗಳು ಪವರ್‌ಫ್ಲೆಕ್ಸ್‌ನವು. ಅವರಲ್ಲಿ ನೇರಳೆ ರಸ್ತೆಗೆ, ಕಪ್ಪು ರೇಸಿಗೆ.

ಗಡಸುತನ ಅಳೆಯಲು ಶೋರ್ ಎ ಅನ್ನುವ ಮಾಪಕ ಇದೆ, ಸೊನ್ನೆಯಿಂದ ನೂರರವರೆಗೆ. ಕಂಪನಿ ಹಾಕಿ ಕಳಿಸುವ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 65ರ ಆಸುಪಾಸು. ರಸ್ತೆ ಕಾರುಗಳ ಪಿಯು 70, 80ರಲ್ಲಿ ಶುರುವಾಗುತ್ತದೆ, ರೇಸಿನವು 95ರವರೆಗೂ ಹೋಗುತ್ತವೆ. ಪಿಯು ಆಯಿಲ್ ಬಿದ್ದರೆ ಉಬ್ಬಿ ಮೆತ್ತಗಾಗುವುದಿಲ್ಲ, ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಬ್ರೇಕ್ ಹೊಡೆದಾಗ ಆರ್ಮ್ ಅನ್ನು ಜಾಗದಿಂದ ಅಲ್ಲಾಡಲು ಬಿಡುವುದಿಲ್ಲ. ಇಷ್ಟು ಓದಿದರೆ ತಮ್ಮ ಹೇಳಿದ್ದೇ ಸರಿ ಅನ್ನಿಸುತ್ತದೆ. ನಾನೂ ಟೆಸ್ಟಿಂಗ್ ಕೆಲಸದವಳು, ಒಳ್ಳೇದನ್ನು ಮಾತ್ರ ಹೇಳುವ ಡಾಕ್ಯುಮೆಂಟ್ ಕಂಡರೆ ಅನುಮಾನ. ಎರಡು ವಾರ ಸಂಜೆ ಕೂತು ಓದಿದೆ, ಗ್ಯಾರೇಜಿಗೆ ಎರಡು ಸಲ ಹೋಗಿ ಮೇಸ್ತ್ರಿ ತಲೆ ತಿಂದೆ. ಆಗ ಗೊತ್ತಾದದ್ದು, ರಬ್ಬರಿಗೂ ಪಿಯುಗೂ ವ್ಯತ್ಯಾಸ ಇರುವುದು ಬರೀ ಗಡಸುತನದಲ್ಲಿ ಅಲ್ಲ, ಕೆಲಸ ಮಾಡುವ ರೀತಿಯಲ್ಲೇ.

ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟ್ ಬಿಗಿದು ಕಾರಿನ ಬಾಡಿಗೆ ಕಚ್ಚಿಸಿರುತ್ತಾರೆ, ಹೊರಗಿನ ಬಳೆ ಆರ್ಮ್‌ನಲ್ಲಿ ಕೂತಿರುತ್ತದೆ. ಚಕ್ರ ಮೇಲೆದ್ದಾಗ ನಡುವಿನ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ, ಚಕ್ರ ಇಳಿದಾಗ ವಾಪಸ್ ಬರುತ್ತದೆ. ಎಲ್ಲೂ ಉಜ್ಜಾಟವಿಲ್ಲ, ಅದಕ್ಕೇ ಗ್ರೀಸ್ ಬೇಡ, ಸದ್ದೂ ಇಲ್ಲ. ಸೈಲೆಂಟ್ ಬ್ಲಾಕ್ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಇನ್ನೂ ಒಂದು ಗುಣ ಉಂಟು: ಅದು ಓರೆಯಾಗಿಯೂ ಬಗ್ಗುತ್ತದೆ.

ಪಿಯು ಬುಷ್ ಹಾಗಲ್ಲ. ಸಾಮಾನ್ಯವಾಗಿ ಅದು ಕೊಳವೆಗೆ ಅಂಟಿರುವುದಿಲ್ಲ. ನುಣ್ಣನೆಯ ಸ್ಟೀಲ್ ಕೊಳವೆ ಪಿಯು ಒಳಗೆ ತಿರುಗುತ್ತದೆ. ತಿರುಗಬೇಕಾದರೆ ಗ್ರೀಸ್ ಬೇಕು, ಅದೂ ಕಿಟ್ ಜೊತೆ ಬರುವ ಅಂಟು ಗ್ರೀಸೇ ಆಗಬೇಕು. ಅದು ಒಣಗಿದರೆ ‘ಕಿರ್ರ್, ಕಿರ್ರ್’ ಅಂತ ಹಳೇ ಉಯ್ಯಾಲೆಯ ಕೊಕ್ಕೆಯ ಸದ್ದು. ಒಂದು ‘ಟಕ್’ ಹೋಗಿ ಇನ್ನೊಂದು ‘ಕಿರ್ರ್’ ಬಂದರೆ ಅಮ್ಮನಿಗೆ ಏನು ಹೇಳುವುದು? ನೇರ ತಿರುಗುವ ಕಡೆ ಪಿಯು ಚೆನ್ನಾಗಿ ಕೆಲಸ ಮಾಡುತ್ತದೆ. ಓರೆಯಾಗಿ ಬಗ್ಗಬೇಕಾದ ಕಡೆ, ಉದಾಹರಣೆಗೆ ಸಣ್ಣ ಕಾರುಗಳ ಹಿಂದಿನ ಆಕ್ಸಲ್‌ನಲ್ಲಿ, ತೀರಾ ಗಟ್ಟಿ ಬುಷ್ ಹಾಕಿದರೆ ಚಲನೆಯೇ ಬಿಗಿಯುತ್ತದೆ.

ಈಗ ಆ ಖಾಲಿ ಜಾಗದ ವಿಷಯ. ನಮ್ಮಂಥ ಹ್ಯಾಚ್‌ಬ್ಯಾಕ್‌ಗಳಲ್ಲಿ ಆರ್ಮ್‌ನ ಮುಂದಿನ ಬುಷ್ ಸಣ್ಣದು, ಗಟ್ಟಿ. ತಿರುವಿನಲ್ಲಿ ಚಕ್ರ ಅಡ್ಡ ಸರಿಯದ ಹಾಗೆ ಹಿಡಿಯುವುದು ಮುಖ್ಯವಾಗಿ ಅದರ ಕೆಲಸ. ಹಿಂದಿನದು ದೊಡ್ಡದು, ಅರ್ಧಚಂದ್ರದ ಖಾಲಿ ಜಾಗಗಳಿರುವುದು ಅದರಲ್ಲಿ. ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಕೆಲವೇ ಮಿಲಿಮೀಟರ್ ಹಿಂದಕ್ಕೆ ಸರಿದು ಪೆಟ್ಟನ್ನು ನುಂಗಲಿ ಅಂತಲೇ ಎಂಜಿನಿಯರ್‌ಗಳು ಆ ಜಾಗ ಬಿಟ್ಟಿರುತ್ತಾರೆ. ಶಾಕ್ ಅಬ್ಸಾರ್ಬರ್ ಮೇಲೆ ಕೆಳಗೆ ಬರುವ ಪೆಟ್ಟಿಗೆ ಇರುವುದು. ಮುಂದಿನಿಂದ ಬರುವ ಪೆಟ್ಟಿಗೆ ಇರುವುದು ಈ ಮಿಲಿಮೀಟರುಗಳೇ. ಅಲ್ಲಿ ಖಾಲಿ ಜಾಗ ತುಂಬಿದ ಪಿಯು ಕೂರಿಸಿದರೆ ಸ್ಟೀರಿಂಗ್ ನಿಜಕ್ಕೂ ಚುರುಕಾಗುತ್ತದೆ. ಆ ಪೆಟ್ಟು ಮಾತ್ರ ಎಲ್ಲೂ ಮಾಯವಾಗುವುದಿಲ್ಲ. ಫ್ರೇಮಿಗೆ, ಫ್ರೇಮಿನಿಂದ ಸೀಟಿಗೆ, ಸೀಟಿನಿಂದ ಸೊಂಟಕ್ಕೆ.

ಮೇಸ್ತ್ರಿ ಇದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು. “ಒಬ್ರೇ ಓಡ್ಸೋ ಹುಡುಗ್ರಿಗೆ ಹಾಕ್ಕೊಡ್ತೀನಿ ಮೇಡಂ. ವಯಸ್ಸಾದೋರು ಕೂರೋ ಗಾಡಿಗೆ ಹಿಂದುಗಡೆ ಬುಷ್ ಗಟ್ಟಿ ಮಾಡಲ್ಲ ನಾನು.”

ತಮ್ಮನಿಗೆ ಫೋನ್ ಮಾಡಿದೆ. ಅವನು ಸುಲಭಕ್ಕೆ ಬಿಡುವವನಲ್ಲ. ಲಾರಾ ಕಾರಿನವರ ಉದಾಹರಣೆ ತೆಗೆದ. ಅದೇ ಅಡಿಪಾಯದ ಮೇಲೆ ಬಂದ ಆಡಿ ಟಿಟಿಯ ಆರ್ಮ್‌ನ ಹಿಂದಿನ ಬುಷ್‌ನಲ್ಲಿ ಖಾಲಿ ಜಾಗವಿಲ್ಲ, ಪೂರ್ತಿ ತುಂಬಿದ ರಬ್ಬರ್. ಕಾರಿನ ಹುಚ್ಚಿನವರು ಅದನ್ನು ತಂದು ತಮ್ಮ ಕಾರಿಗೆ ಕೂರಿಸುತ್ತಾರೆ. ಪಿಯು ಅಲ್ಲ, ಗ್ರೀಸ್ ಬೇಡ, ಆದರೂ ಹಿಡಿತ ಜಾಸ್ತಿ. ಇದು ಒಳ್ಳೆಯ ನಡುದಾರಿ, ನಿಮ್ಮ ಕಾರಿಗೆ ಹೀಗೆ ಗಟ್ಟಿ ರಬ್ಬರಿನ ಅಣ್ಣ ಯಾರಾದರೂ ಇದ್ದರೆ ವಿಚಾರಿಸಬಹುದು. ನಮ್ಮ ಕಾರಿಗೆ ಅಂಥ ಅಣ್ಣ ಇರಲಿಲ್ಲ.

“ಅಮ್ಮ ವರ್ಷಕ್ಕೆ ಆರು ಸಲ ಬರ್ತಾರೆ ಅಕ್ಕಾ, ನೀನು ದಿನಾ ಓಡಿಸ್ತೀಯ” ಅಂದ ಅವನು. ಲೆಕ್ಕ ಸರಿಯೇ. ಆದರೆ ನಾನು ದಿನಾ ಓಡಿಸುವುದು ಆಫೀಸಿಗೆ, ಗಂಟೆಗೆ 20 ಕಿಲೋಮೀಟರಿನಲ್ಲಿ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಚುರುಕು ಸ್ಟೀರಿಂಗ್ ಇಟ್ಟುಕೊಂಡು ನಾನೇನು ಮಾಡಲಿ? ತಿರುವುಗಳಲ್ಲಿ ಹಿಡಿತ ಬೇಕಾದದ್ದೂ, ಗುಂಡಿಗಳಲ್ಲಿ ಮೆತ್ತಗಿರಬೇಕಾದದ್ದೂ ಆ ಆರು ಸಲವೇ. ಎರಡು ಸಾವಿರ ಚಿಲ್ಲರೆಯ ಒಂದು ಭಾಗದ ಬಗ್ಗೆ ಇಷ್ಟು ಮಾತಾಡಬೇಕಾ ಅಂತ ಅಪ್ಪ ನಡುವೆ ಫೋನ್ ಕಿತ್ತುಕೊಂಡು ಕೇಳಿದರು.

ಕೊನೆಗೆ ಹೀಗೆ ತೀರ್ಮಾನ ಮಾಡಿದೆ. ಆರ್ಮ್‌ನ ಮುಂದಿನ ಸಣ್ಣ ಬುಷ್‌ಗಳು ಮತ್ತು ಸ್ಟೆಬಿಲೈಜರ್ ಬಾರಿನ ಬುಷ್‌ಗಳು ಪಿಯು, ಅದರಲ್ಲೂ ಮೆತ್ತನೆಯ ದರ್ಜೆಯದು. ಆರ್ಮ್‌ನ ಹಿಂದಿನ ದೊಡ್ಡ ಬುಷ್ ಖಾಲಿ ಜಾಗ ಇರುವ ರಬ್ಬರಿನದ್ದೇ, ಹೊಸದು. ಹಿಂದಿನ ಆಕ್ಸಲ್ ಮುಟ್ಟುವುದು ಬೇಡ.

ಜೆ.ಸಿ. ರೋಡ್

ಪಿಯು ಕಿಟ್ ಆನ್‌ಲೈನಿನಲ್ಲಿ ತರಿಸಿದೆ. ರಬ್ಬರ್ ಬುಷ್‌ಗೆ ಜೆ.ಸಿ. ರೋಡಿಗೆ ಹೋದೆ. ಟೌನ್ ಹಾಲ್ ಮತ್ತು ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗಿ ಬರುವಾಗ ಆ ಅಂಗಡಿ ಸಾಲುಗಳನ್ನು ನೋಡಿರುತ್ತೀರಿ. ಒಂದೊಂದು ಅಂಗಡಿಯ ಅಗಲ ಒಂದು ಶಟರ್, ಒಳಗೆ ಸೂರಿನವರೆಗೆ ಡಬ್ಬಿಗಳು. ಹುಡುಗಿಯೊಬ್ಬಳು ಬುಷ್ ಕೇಳಿಕೊಂಡು ಬಂದದ್ದಕ್ಕೆ ಅಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಹಳೆಯ ಬುಷ್‌ನ ಫೋಟೋ ಮತ್ತು ಆರ್‌ಸಿ ತೋರಿಸಿದೆ. ಕೌಂಟರಿನ ಹಿರಿಯರು ಮೂರು ತಂದು ಸಾಲಾಗಿಟ್ಟರು: 280 ರೂಪಾಯಿ, 650 ರೂಪಾಯಿ, 1,150 ರೂಪಾಯಿ. “ಯಾವುದು ಬೇಕಮ್ಮ?”

ಮೂರನ್ನೂ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಗ್ಗದ್ದರಲ್ಲಿ ರಬ್ಬರು ಕಬ್ಬಿಣ ಸೇರುವ ಗೆರೆ ಅಂಕುಡೊಂಕು, ಉಗುರು ಹಾಕಿದರೆ ಅಂಚು ಸ್ವಲ್ಪ ಏಳುತ್ತಿತ್ತು. ಖಾಲಿ ಜಾಗಗಳು ಎರಡೂ ಕಡೆ ಒಂದೇ ಅಳತೆಯಲ್ಲಿರಲಿಲ್ಲ. ಹೊರಬಳೆಯ ಅಂಚಿನಲ್ಲಿ ಕಬ್ಬಿಣದ ಚೂಪು ಉಳಿದಿತ್ತು. ಬೆಲೆ ಜಾಸ್ತಿಯದ್ದರ ಮೇಲೆ ಭಾಗದ ಸಂಖ್ಯೆ ಅಚ್ಚಾಗಿತ್ತು, ಯಾವ ಕಡೆ ಮುಂದಿರಬೇಕು ಅನ್ನುವ ಗುರುತೂ ಇತ್ತು. ಅದನ್ನೇ ಎರಡು ತಗೊಂಡು ಬಿಲ್ ಹಾಕಿಸಿದೆ. ಬಿಲ್ ಕೇಳಿದ್ದಕ್ಕೆ ಹಿರಿಯರು ಒಮ್ಮೆ ಮುಖ ನೋಡಿದರು, ಆಮೇಲೆ ಬರೆದುಕೊಟ್ಟರು. ಆರ್ಮ್ ಕಳಚಿ ಪ್ರೆಸ್ ಮಾಡುವ ಕೂಲಿ ಅಗ್ಗದ್ದಕ್ಕೂ ಅಷ್ಟೇ, ದುಬಾರಿಯದಕ್ಕೂ ಅಷ್ಟೇ. ಬುಷ್‌ನಲ್ಲಿ ಐನೂರು ಉಳಿಸಿ ವರ್ಷದೊಳಗೆ ಎರಡನೇ ಸಲ ಕೂಲಿ ಕೊಡುವುದರಲ್ಲಿ ಅರ್ಥವಿಲ್ಲ.

ಬೋಲ್ಟ್ ಯಾವಾಗ ಬಿಗಿಯುತ್ತೀರಿ?

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಿದ್ದರೆ ಇದನ್ನು ಇಟ್ಟುಕೊಳ್ಳಿ. ಒಳ್ಳೆಯ ಬುಷ್‌ಗಳು ಆರು ತಿಂಗಳಲ್ಲಿ ಹರಿಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ರಬ್ಬರ್ ಬುಷ್ ತಿರುಚಿಕೊಂಡು ಕೆಲಸ ಮಾಡುತ್ತದೆ ಅಂದೆನಲ್ಲ. ಕಾರು ನೆಲದ ಮೇಲೆ ತನ್ನ ಭಾರ ಹೊತ್ತು ನಿಂತಾಗ ಬುಷ್‌ನಲ್ಲಿ ತಿರುಚು ಇರಬಾರದು. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಸಮನಾಗಿ ತಿರುಚಬೇಕು. ಆದರೆ ಗ್ಯಾರೇಜಿನಲ್ಲಿ ಕಾರು ಲಿಫ್ಟ್ ಮೇಲೆ ಇರುತ್ತದೆ, ಚಕ್ರಗಳು ಕೆಳಗೆ ಜೋತುಬಿದ್ದಿರುತ್ತವೆ. ಆ ಸ್ಥಿತಿಯಲ್ಲೇ ಬೋಲ್ಟ್ ಪೂರ್ತಿ ಬಿಗಿದುಬಿಟ್ಟರೆ ಜೋತುಬಿದ್ದ ಕೋನವೇ ಬುಷ್‌ನ ವಿಶ್ರಾಂತಿ ಸ್ಥಿತಿಯಾಗುತ್ತದೆ. ಕಾರನ್ನು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಮನೆ ಮುಂದೆ ಸುಮ್ಮನೆ ನಿಂತಾಗಲೂ ಹಾಗೇ ಇರುತ್ತದೆ. ಅದರ ಮೇಲೆ ಹಂಪ್ ಬಂದರೆ ಇನ್ನಷ್ಟು ತಿರುಚಿ ಹರಿಯುತ್ತದೆ. ಆಮೇಲೆ ಎಲ್ಲರೂ ಬುಷ್ ಮಾಡಿದ ಕಂಪನಿಯನ್ನು ಬೈಯುತ್ತಾರೆ.

ಅದಕ್ಕೇ ಬೋಲ್ಟನ್ನು ಮೊದಲು ಕೈಯಲ್ಲಿ ಹಾಕಿ, ಕಾರು ಚಕ್ರಗಳ ಮೇಲೆ ನಿಂತ ಮೇಲೆ ಕೊನೆಯ ಬಿಗಿತ ಕೊಡಬೇಕು. ಅದಕ್ಕೆ ಗುಂಡಿಯಿರುವ ಗ್ಯಾರೇಜು ಅನುಕೂಲ. ಲಿಫ್ಟ್ ಮಾತ್ರ ಇದ್ದರೆ ಆರ್ಮ್‌ನ ಕೆಳಗೆ ಜಾಕ್ ಕೊಟ್ಟು, ಚಕ್ರ ನೆಲದ ಮೇಲೆ ನಿಂತಾಗ ಇರುವಷ್ಟು ಎತ್ತರಕ್ಕೆ ಆರ್ಮ್ ಎತ್ತಿ ಬಿಗಿಯುತ್ತಾರೆ. ಕೊಳವೆ ಒಳಗೇ ತಿರುಗುವ ಪಿಯು ಬುಷ್‌ಗೆ ಈ ತೊಂದರೆ ಇಲ್ಲ. ನಮ್ಮದರಲ್ಲಿ ಎರಡೂ ಜಾತಿ ಇದ್ದದ್ದರಿಂದ ನಿಯಮ ತಪ್ಪಿಸುವ ಹಾಗಿರಲಿಲ್ಲ.

ಕೆಲಸ ಶನಿವಾರ ಬೆಳಗ್ಗೆ ಹತ್ತಕ್ಕೆ ಶುರುವಾಗಿ ಮೂರೂವರೆಗೆ ಮುಗಿಯಿತು. ಆರ್ಮ್ ಕಳಚುವ ಮುಂಚೆ ಹಳೆಯ ಬುಷ್‌ನ ಖಾಲಿ ಜಾಗ ಯಾವ ದಿಕ್ಕಿಗಿದೆ ಅಂತ ಮೇಸ್ತ್ರಿ ಆರ್ಮ್ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದರು. ಹೊಸದನ್ನು ಅದೇ ದಿಕ್ಕಿಗೆ ಕೂರಿಸದಿದ್ದರೆ ಮಿಲಿಮೀಟರುಗಳು ತಪ್ಪು ಕಡೆ ಸಿಗುತ್ತವೆ. ಹಳೆಯ ಬುಷ್‌ಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ತೆಗೆದರು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವ ಗ್ಯಾರೇಜುಗಳೂ ಇವೆ. ಹೊರಬಳೆ ನೆಗ್ಗಿದರೆ ಹೊಸ ಬುಷ್ ಅಲ್ಲೇ ಹಾಳು, ಪ್ರೆಸ್ ಇದೆಯಾ ಅಂತ ಮೊದಲೇ ಕೇಳಿ. ಎಡಗಡೆಯ ಹಿಂದಿನ ಬುಷ್ ಹೊರಬಂದಾಗ ನಡುವಿನ ಕೊಳವೆ ತಾನಾಗಿ ನೆಲಕ್ಕೆ ಬಿತ್ತು. ಅದನ್ನು ಹಿಡಿದಿಡಲು ಏನೂ ಉಳಿದಿರಲಿಲ್ಲ. ಇದರ ಮೇಲೆ ಅಮ್ಮನನ್ನು ಕೂರಿಸಿಕೊಂಡು ಆಲ್ದೂರಿನ ಇಳಿಜಾರು ಇಳಿದಿದ್ದೆ ಅಂತ ನೆನೆದರೆ ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋದಾಗ ಸಹಾಯಕ ಹುಡುಗ ಲಿಫ್ಟ್ ಮೇಲೆಯೇ ಬೋಲ್ಟ್ ಬಿಗಿಯಲು ಏರ್ ಗನ್ ಎತ್ತಿದ. “ತಮ್ಮಾ, ಇಳಿಸಿದ ಮೇಲೆ ಬಿಗಿಯೋಣ” ಅಂದೆ. “ಎಲ್ಲಾ ಗಾಡಿಗೂ ಹಿಂಗೇ ಮಾಡೋದು ಮೇಡಂ.” ಕಾರಣ ಹೇಳಿದೆ. ಹಳೆಯ ಬುಷ್ ಕೈಯಲ್ಲಿ ಹಿಡಿದು ತಿರುಚಿ ತೋರಿಸಿದೆ. ಅವನಿಗೆ ಅರ್ಧ ನಂಬಿಕೆ. ಮೇಸ್ತ್ರಿ ಬಂದು, “ಮೇಡಂ ಹೇಳಿದ್ದು ಸರಿ ಕಣೋ, ಗುಂಡಿ ಮೇಲೆ ಹಾಕು ಗಾಡಿನ” ಅಂದ ಮೇಲೆ ಗನ್ ಕೆಳಗಿಟ್ಟ. ಗುಂಡಿಗಿಳಿದು ಟಾರ್ಕ್ ವ್ರೆಂಚಿನಲ್ಲಿ ಕೊನೆಯ ಬಿಗಿತ ಕೊಟ್ಟದ್ದು ಅವನೇ.

ಅಲ್ಲಿಂದ ನೇರ ಅಲೈನ್‌ಮೆಂಟಿಗೆ. ಬುಷ್ ಬದಲಿಸಿದ ಮೇಲೆ ಇದು ಕಡ್ಡಾಯ. ನನಗೆ ಬಿದ್ದ ಲೆಕ್ಕ ಇಷ್ಟು: ಪಿಯು ಕಿಟ್ 7,400, ರಬ್ಬರ್ ಬುಷ್ ಎರಡಕ್ಕೆ 2,300, ಹೊಸ ಬೋಲ್ಟುಗಳಿಗೆ 560, ಕೂಲಿ 3,000, ಅಲೈನ್‌ಮೆಂಟ್ 700. ಒಟ್ಟು 13,960 ರೂಪಾಯಿ. ಎಲ್ಲ ರಬ್ಬರೇ ಹಾಕಿಸಿದ್ದರೆ ಎಂಟು ಸಾವಿರದೊಳಗೆ ಮುಗಿಯುತ್ತಿತ್ತು. ನಿಮ್ಮ ಕಾರಿಗೆ ಬೆಲೆ ಬೇರೆ ಇರುತ್ತದೆ.

ಎಂಟು ತಿಂಗಳಾಯಿತು, 7,200 ಕಿಲೋಮೀಟರ್ ಓಡಿದೆ. ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುವುದು ಮೊದಲ ದಿನವೇ ನಿಂತಿತು. ಸ್ಟೀರಿಂಗ್ ಹಗುರವಾಗಿಲ್ಲ, ಆದರೆ ತಿರುಗಿಸಿದ ಕೂಡಲೇ ಕಾರು ಕೇಳುತ್ತದೆ, ಮೊದಲಿನ ಹಾಗೆ ಯೋಚನೆ ಮಾಡುವುದಿಲ್ಲ. ಇದರಲ್ಲಿ ಎಷ್ಟು ಪಾಲು ಪಿಯುನದು, ಎಷ್ಟು ಬರೀ ಹೊಸ ಬುಷ್ ಅನ್ನುವುದರದು? ನನ್ನ ಅಂದಾಜಿನಲ್ಲಿ ಮುಕ್ಕಾಲು ಪಾಲು ಹೊಸತನದ್ದೇ. ಹರಿದ ಬುಷ್ ಓಡಿಸಿ ಅಭ್ಯಾಸವಾದವರಿಗೆ ಏನು ಹಾಕಿದರೂ ಅದ್ಭುತ ಅನ್ನಿಸುತ್ತದೆ. ಪಿಯು ಹಾಕಿಸಿದವರ ಹೊಗಳಿಕೆ ಓದುವಾಗ ಇದನ್ನು ಲೆಕ್ಕಕ್ಕೆ ತಗೊಳ್ಳಿ. ಕಾಂಕ್ರೀಟ್ ರಸ್ತೆಯಲ್ಲಿ 80ರ ವೇಗಕ್ಕೆ ಪಾದದಡಿ ಸಣ್ಣ ಝುಮ್ಮೆನ್ನುವಿಕೆ ಇದೆ, ಮೊದಲು ಇರಲಿಲ್ಲ. ಅದು ಪಿಯು ಕೊಡುಗೆ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಇದ್ಯಾವುದೂ ಬೇಡ, ಕಂಪನಿಯ ರಬ್ಬರನ್ನೇ ಹಾಕಿಸಿ. ಬಾಡಿಗೆಗೆ, ಓಲಾ ಊಬರ್‌ಗೆ ಓಡುವ ಕಾರಿಗೂ ರಬ್ಬರೇ ಲೇಸು, ಗ್ರೀಸ್ ನೋಡಿಕೊಂಡು ಕೂರಲು ಯಾರಿಗೆ ಪುರುಸೊತ್ತು. ವಾರಾಂತ್ಯಕ್ಕೆ ಒಬ್ಬರೋ ಇಬ್ಬರೋ ಘಾಟಿ ಹತ್ತುವವರು, ಗಾಡಿ ಚೆನ್ನಾಗಿ ಓಡಿಸುವ ಆಸೆ ಇರುವವರು ಪೂರ್ತಿ ಪಿಯು ಹಾಕಿಸಲಿ, ಸಂತೋಷ. ತಮ್ಮ ತನ್ನ ಕಾರಿಗೆ ಹಾಗೇ ಹಾಕಿಸಿದ್ದಾನೆ. ಅದರಲ್ಲಿ ಒಮ್ಮೆ ಕೊಪ್ಪದಿಂದ ಬಾಳೆಹೊನ್ನೂರಿಗೆ ಮದುವೆಗೆ ಹೋಗಿಬಂದ ಅಮ್ಮ, “ಕಾರು ಚಂದ ಇದೆ ಮಾರಾಯ, ಆದ್ರೆ ನಾನು ಇನ್ನು ಅಕ್ಕನ ಕಾರಲ್ಲೇ ಬರ್ತೇನೆ” ಅಂದರಂತೆ.

ಜೂನಿನ ಮಳೆಗೆ ನಮ್ಮ ಸ್ಟೆಬಿಲೈಜರ್ ಬುಷ್ ಎರಡು ದಿನ ‘ಕಿರ್ರ್’ ಅಂದಿತು. ಕ್ಲ್ಯಾಂಪ್ ಬಿಚ್ಚಿ ಕಿಟ್‌ನಲ್ಲಿ ಉಳಿದಿದ್ದ ಗ್ರೀಸ್ ಹಚ್ಚಿದರು, ಇಪ್ಪತ್ತು ನಿಮಿಷದ ಕೆಲಸ. ಹಾಕಿದ್ದು ಅದೇ ಹುಡುಗ. ಇನ್ನೊಂದು ಕಾರಿನ ಆರ್ಮ್ ಕೆಲಸ ನಡೆದಿತ್ತು ಆಗ, ಕಾರು ಗುಂಡಿಯ ಮೇಲೆ ನಿಂತಿತ್ತು.